ಕಣ್ಣಿಗೆ ಕಾಣುವ ಕೆಂಪು ಸರ್ಕಲ್ ಕ್ಯೂಸೆಲೆಕ್ಟ್‌ಗೆ ಯಾಕೆ ಸಿಗಲ್ಲ? – ಆಟೋಕ್ಯಾಡ್ ಪ್ರಶ್ನೋತ್ತರ

ಪ್ರಶ್ನೆ: ಸರ್, ನನ್ನ ಕೈಗೆ ಬಂದಿರುವುದು ಬೇರೆಯವರು ಆಟೋಕ್ಯಾಡ್‌ನಲ್ಲಿ (ಕಂಪ್ಯೂಟರ್‌ನಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್) ಮಾಡಿದ ಒಂದು ಪ್ಲೇಟಿನ ಡ್ರಾಯಿಂಗ್. ಅದರಲ್ಲಿ ಸುಮಾರು 2000 ತೂತುಗಳಿವೆ. 12 ಮಿ.ಮೀ. ವ್ಯಾಸದ ತೂತುಗಳನ್ನೆಲ್ಲ ಒಂದೇ ಲೇಯರ್‌ಗೆ (ಡ್ರಾಯಿಂಗ್‌ನ ಒಂದು ಪದರಕ್ಕೆ) ಹಾಕಬೇಕು. ಪಟ್ಟಿಯ ಪ್ರಕಾರ ಅವು 612 ಇರಬೇಕು. ಪರದೆ ಮೇಲೆ ಅವೆಲ್ಲ ಕೆಂಪಾಗಿಯೇ ಇವೆ. ಆದರೆ ಷರತ್ತು ಕೊಟ್ಟು ಆರಿಸುವ ಕ್ಯೂಸೆಲೆಕ್ಟ್ ಕಮಾಂಡ್‌ನಲ್ಲಿ ಕಲರ್ ರೆಡ್ ಎಂದು ಕೊಟ್ಟರೆ 17 ಮಾತ್ರ ಬಂದವು. ಡಯಾಮೀಟರ್ 12 ಎಂದು ಕೊಟ್ಟರೆ 340 ಬಂದವು. ಬಾರದೆ ಉಳಿದ ಒಂದನ್ನು ಕ್ಲಿಕ್ ಮಾಡಿ ನೋಡಿದೆ, ಪ್ರಾಪರ್ಟೀಸ್‌ನಲ್ಲಿ 12.00 ಅಂತಲೇ ಇದೆ! ಒಂದೊಂದೇ ಕ್ಲಿಕ್ ಮಾಡುತ್ತಾ ಕೂರುವುದು ಬಿಟ್ಟು ಬೇರೆ ದಾರಿ ಇದೆಯಾ?

ಉತ್ತರ: ಇದೆ. ಒಂದೊಂದೇ ಕ್ಲಿಕ್ ಮಾಡಬೇಡಿ. ಎಷ್ಟೇ ಜಾಗ್ರತೆ ವಹಿಸಿದರೂ 600ರಲ್ಲಿ ಒಂದಾದರೂ ತಪ್ಪಿಹೋಗುತ್ತದೆ. ಹಾಗೆ ತಪ್ಪಿದ ತೂತು ಗೊತ್ತಾಗುವುದು ಪ್ಲೇಟ್ ಕತ್ತರಿಸಿದ ಮೇಲೆ.

ನಿಮಗೆ ಎರಡು ಬೇರೆ ಬೇರೆ ತೊಂದರೆಗಳಾಗಿವೆ. ಬೇರು ಮಾತ್ರ ಒಂದೇ. ನಾವು ನೋಡುವುದು ಪರದೆಯನ್ನು. ಕ್ಯೂಸೆಲೆಕ್ಟ್ ಓದುವುದು ಆಬ್ಜೆಕ್ಟ್ (ಸರ್ಕಲ್, ಗೆರೆಯಂಥ ಒಂದೊಂದು ವಸ್ತು) ಒಳಗೆ ಬರೆದಿಟ್ಟಿರುವುದನ್ನು.

ಮೊದಲು ಬಣ್ಣ. ನಿಮ್ಮ ಹೆಚ್ಚಿನ ಸರ್ಕಲ್‌ಗಳ ಕಲರ್ 'ಬೈಲೇಯರ್' ಎಂದಿರಬೇಕು. ಅವು ಇರುವ ಲೇಯರ್ ಕೆಂಪು, ಅದಕ್ಕೇ ಅವು ಕೆಂಪಾಗಿ ಕಾಣುತ್ತವೆ. ಆ ಸರ್ಕಲ್‌ಗಳ ಮೇಲೆ 'ರೆಡ್' ಎಂದು ಯಾರೂ ಬರೆದಿಲ್ಲ. ಸಿಕ್ಕಿದ 17ಕ್ಕೆ ಮಾತ್ರ ಯಾರೋ ನೇರವಾಗಿ ಕೆಂಪು ಬಣ್ಣ ಕೊಟ್ಟಿದ್ದಾರೆ. ಲೈನ್‌ಟೈಪ್ (ಗೆರೆಯ ಬಗೆ) ಹಿಡಿದು ಹುಡುಕಿದರೂ ಇದೇ ಕಥೆ. ಆದ್ದರಿಂದ ಬಣ್ಣದ ಬದಲು ಲೇಯರ್ ಹಿಡಿದು ಹುಡುಕಿ. ಲೇಯರ್ ಪಟ್ಟಿಯಲ್ಲಿ ಯಾವ್ಯಾವುದು ಕೆಂಪು ಎಂದು ನೋಡಿಕೊಂಡು, ಒಂದು ಲೇಯರ್ ಆರಿಸಿ. ಆಮೇಲೆ ಕೆಳಗಿರುವ 'ಅಪೆಂಡ್ ಟು ಕರೆಂಟ್ ಸೆಲೆಕ್ಷನ್ ಸೆಟ್' ಟಿಕ್ ಮಾಡಿ, ಮುಂದಿನ ಲೇಯರನ್ನು ಅದಕ್ಕೇ ಸೇರಿಸಿ.

ಆ 17ನ್ನು 'ಸೆಟ್‌ಬೈಲೇಯರ್' ಕಮಾಂಡ್‌ನಿಂದ ಬೈಲೇಯರ್‌ಗೆ ತರಬಹುದು. ಆದರೆ ಒಂದು ಎಚ್ಚರಿಕೆ. ಪ್ರಿಂಟ್‌ನಲ್ಲಿ ಗೆರೆಯ ದಪ್ಪವನ್ನು ಬಣ್ಣದಿಂದಲೇ ನಿರ್ಧರಿಸುವ ಸಿಟಿಬಿ ಫೈಲ್ ಬಳಸುತ್ತಿದ್ದರೆ, ಬಣ್ಣ ಬದಲಾದ ಕೂಡಲೇ ಗೆರೆಯ ದಪ್ಪವೂ ಬದಲಾಗಬಹುದು. ಡ್ರಾಯಿಂಗ್ ಮಾಡಿದವರನ್ನು ಒಂದು ಮಾತು ಕೇಳಿ ಮುಂದುವರಿಯಿರಿ.

ಇನ್ನು ವ್ಯಾಸ. ನಿಜವಾದ ತೊಡಕು ಇಲ್ಲಿದೆ. 12.00 ಅಂತ ಕಾಣುವುದು ಎರಡು ದಶಮಾಂಶಕ್ಕೆ ದುಂಡು ಮಾಡಿದ ಸಂಖ್ಯೆ. ಒಳಗಿರುವುದು ಬೇರೆಯೇ ಇರಬಹುದು. ಯೂನಿಟ್ಸ್ ಕಮಾಂಡ್‌ನಲ್ಲಿ ಪ್ರಿಸಿಷನ್ ಅನ್ನು 8 ದಶಮಾಂಶಕ್ಕೆ ಏರಿಸಿ, ಅದೇ ಸರ್ಕಲ್ ಇನ್ನೊಮ್ಮೆ ನೋಡಿ. ಡ್ರಾಯಿಂಗ್ ಮೊದಲು ಇಂಚಿನಲ್ಲಿದ್ದು ಆಮೇಲೆ ಮಿ.ಮೀ.ಗೆ ಬದಲಾಗಿದ್ದರೆ ಹೀಗಾಗುವುದು ಸಹಜ. 0.4724 ಇಂಚನ್ನು 25.4ರಿಂದ ಗುಣಿಸಿದರೆ 11.99896 ಬರುತ್ತದೆ. ಪರದೆಯಲ್ಲಿ ಅದು 12.00. ಆದರೆ 'ಈಕ್ವಲ್ಸ್ 12' ಎಂದು ಕೇಳಿದರೆ ಅದು ಹೊರಗೇ ಉಳಿಯುತ್ತದೆ.

ಅದಕ್ಕೇ ಅಳತೆಗಳ ವಿಷಯದಲ್ಲಿ ನಾನು ಈಕ್ವಲ್ಸ್ ನಂಬುವುದಿಲ್ಲ. ಎರಡು ಸುತ್ತಿನಲ್ಲಿ ಜರಡಿ ಹಿಡಿಯುತ್ತೇನೆ. ಮೊದಲ ಸುತ್ತಿನಲ್ಲಿ ಇಡೀ ಡ್ರಾಯಿಂಗ್, ಆಬ್ಜೆಕ್ಟ್ ಟೈಪ್ ಸರ್ಕಲ್, ಡಯಾಮೀಟರ್, ಗ್ರೇಟರ್ ದ್ಯಾನ್ 11.99. ಆಯ್ಕೆ ಹಾಗೇ ಇರಲಿ, ಎಸ್ಕೇಪ್ ಒತ್ತಬೇಡಿ. ಮತ್ತೆ ಕ್ಯೂಸೆಲೆಕ್ಟ್ ತೆರೆಯಿರಿ. ಈಗ ಮೇಲ್ಗಡೆ 'ಅಪ್ಲೈ ಟು' ಜಾಗದಲ್ಲಿ 'ಕರೆಂಟ್ ಸೆಲೆಕ್ಷನ್' ಇರಬೇಕು. ಅಲ್ಲಿ ಲೆಸ್ ದ್ಯಾನ್ 12.01 ಕೊಡಿ. ಎರಡರ ನಡುವೆ ಇರುವುದು ಮಾತ್ರ ಉಳಿಯುತ್ತದೆ. ಎಷ್ಟು ಸಿಕ್ಕವು ಎಂದು ಕಮಾಂಡ್ ಲೈನ್ ಹೇಳುತ್ತದೆ. ಆ ಸಂಖ್ಯೆಯನ್ನು ಪಟ್ಟಿಯ ಜೊತೆ ತಾಳೆ ನೋಡದೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ.

ಇದೇ ಕೆಲಸ ಪದೇ ಪದೇ ಬರುತ್ತದೆ ಅನ್ನುವುದಾದರೆ 'ಫಿಲ್ಟರ್' ಕಮಾಂಡ್ ಕಲಿಯಿರಿ. ನೋಡಲು ಹಳೆಯದು, ಆದರೆ ತುಂಬಾ ಗಟ್ಟಿ. ಎರಡೂ ಷರತ್ತುಗಳನ್ನು ಒಟ್ಟಿಗೇ ಬರೆದು, ಹೆಸರು ಕೊಟ್ಟು ಉಳಿಸಿಡಬಹುದು. ಅಲ್ಲಿ ಸರ್ಕಲ್‌ಗೆ ಕೇಳುವುದು ರೇಡಿಯಸ್, ಹಾಗಾಗಿ 5.995 ಮತ್ತು 6.005 ಕೊಡಬೇಕು. ಹಿಂದಿನ ಸಲದ ಷರತ್ತುಗಳು ಅಲ್ಲೇ ಉಳಿದಿರುತ್ತವೆ. ಹೊಸದಾಗಿ ಶುರು ಮಾಡುವ ಮೊದಲು 'ಕ್ಲಿಯರ್ ಲಿಸ್ಟ್' ಒತ್ತಿ.

ಇನ್ನೊಬ್ಬರ ಪ್ರಶ್ನೆ: ಸರ್, ಇಷ್ಟೆಲ್ಲ ಯಾಕೆ? ಒಂದು ಸರ್ಕಲ್ ಆರಿಸಿ, ರೈಟ್ ಕ್ಲಿಕ್ ಮಾಡಿ 'ಸೆಲೆಕ್ಟ್ ಸಿಮಿಲರ್' ಕೊಟ್ಟರೆ ಆಗಲ್ವಾ?

ಉತ್ತರ: ಇಲ್ಲಿ ಆಗಲ್ಲ. ಸೆಲೆಕ್ಟ್ ಸಿಮಿಲರ್ ಸರ್ಕಲ್‌ನ ಗಾತ್ರವನ್ನು ಹೋಲಿಸುವುದೇ ಇಲ್ಲ. ಸೆಟ್ಟಿಂಗ್ ಮುಟ್ಟದಿದ್ದರೆ ಅದು ನೋಡುವುದು ಆಬ್ಜೆಕ್ಟ್ ಟೈಪ್, ಲೇಯರ್ ಮತ್ತು ಹೆಸರು. ಹೆಸರು ಅಂದರೆ ಬ್ಲಾಕ್ (ಹಲವು ಆಬ್ಜೆಕ್ಟ್‌ಗಳನ್ನು ಒಟ್ಟಾಗಿ ಕಟ್ಟಿ ಹೆಸರು ಕೊಟ್ಟದ್ದು) ಥರದವುಗಳ ಹೆಸರು. ಹಾಗಾಗಿ 12ರ ತೂತು ಕ್ಲಿಕ್ ಮಾಡಿದರೆ ಅದೇ ಲೇಯರ್‌ನ 8, 10, 16 ಎಲ್ಲವೂ ಬಂದುಬಿಡುತ್ತವೆ. ಬ್ಲಾಕ್‌ಗಳಿಗೆ ಮಾತ್ರ ಇದು ಬಹಳ ಒಳ್ಳೆಯದು. ಒಂದು ಬಾಗಿಲಿನ ಬ್ಲಾಕ್ ಕ್ಲಿಕ್ ಮಾಡಿದರೆ ಆ ಲೇಯರ್‌ನಲ್ಲಿರುವ ಅದೇ ಹೆಸರಿನ ಬಾಗಿಲುಗಳೆಲ್ಲ ಸಿಗುತ್ತವೆ. ಕಲರ್, ಲೈನ್‌ಟೈಪ್ ಕೂಡ ಹೋಲಿಸಬೇಕೆಂದರೆ, ಏನನ್ನೂ ಆರಿಸದೆ 'ಸೆಲೆಕ್ಟ್‌ಸಿಮಿಲರ್' ಎಂದು ಟೈಪ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಟಿಕ್ ಹಾಕಿ.

ಪ್ರಶ್ನೆ: ಮೇಡಂ ಒಬ್ಬರು ಕಳಿಸಿದ ಡ್ರಾಯಿಂಗ್‌ನಲ್ಲಿ ಕ್ಯೂಸೆಲೆಕ್ಟ್ ತೆರೆದರೆ ಆಬ್ಜೆಕ್ಟ್ ಟೈಪ್ ಪಟ್ಟಿಯಲ್ಲಿ ಸರ್ಕಲ್ ಎಂಬುದೇ ಇಲ್ಲ. ಡ್ರಾಯಿಂಗ್ ತುಂಬಾ ಸರ್ಕಲ್‌ಗಳು ಕಾಣುತ್ತಿವೆ.

ಉತ್ತರ: ಅವು ಬ್ಲಾಕ್ ಒಳಗಿರಬೇಕು. ಬ್ಲಾಕ್ ಒಳಗೆ ಕ್ಯೂಸೆಲೆಕ್ಟ್ ಇಳಿಯುವುದಿಲ್ಲ, ಹೊರಗಿನಿಂದ ಅದಕ್ಕೆ ಅದು ಬರೀ ಒಂದು ಬ್ಲಾಕ್ ರೆಫರೆನ್ಸ್. 'ಬಿಎಡಿಟ್' ಕೊಟ್ಟು ಬ್ಲಾಕ್ ಎಡಿಟರ್ ಒಳಗೆ ಹೋಗಿ ಅಲ್ಲಿ ಹುಡುಕಿ. ಎಕ್ಸ್‌ಪ್ಲೋಡ್ (ಬ್ಲಾಕನ್ನು ಬಿಡಿಬಿಡಿಯಾಗಿ ಒಡೆಯುವುದು) ಮಾತ್ರ ಮಾಡಬೇಡಿ ದಯವಿಟ್ಟು. ಆ ಬ್ಲಾಕನ್ನು ಕಟ್ಟಿದವರ ಶ್ರಮವೆಲ್ಲ ಒಂದು ಕ್ಷಣದಲ್ಲಿ ಹೋಗುತ್ತದೆ.

ಪ್ರಶ್ನೆ: ಕಾಲಮ್‌ಗಳ (ಕಂಬಗಳ) ಹೆಸರು ಸಿ-1, ಸಿ-2 ಹೀಗೆ ಇವೆ. ಅವನ್ನು ಮಾತ್ರ ಆರಿಸುವುದು ಹೇಗೆ?

ಉತ್ತರ: ಆಬ್ಜೆಕ್ಟ್ ಟೈಪ್ ಟೆಕ್ಸ್ಟ್, ಪ್ರಾಪರ್ಟಿ ಕಂಟೆಂಟ್ಸ್, ಆಪರೇಟರ್ ವೈಲ್ಡ್‌ಕಾರ್ಡ್ ಮ್ಯಾಚ್, ವ್ಯಾಲ್ಯೂ ಜಾಗದಲ್ಲಿ ಸಿ-*. ಎಂಟೆಕ್ಸ್ಟ್ (ಹಲವು ಸಾಲಿನ ಬರಹ) ಬೇರೆಯದೇ ಟೈಪ್, ಅದಕ್ಕೆ ಇನ್ನೊಮ್ಮೆ ಹುಡುಕಬೇಕು. ಎಂಟೆಕ್ಸ್ಟ್‌ನಲ್ಲಿ ಅಕ್ಷರಗಳ ಮುಂದೆ ಫಾಂಟ್‌ನ ಸಂಕೇತಗಳೂ ಸೇರಿಕೊಂಡಿರಬಹುದು. ಅದಕ್ಕೆ *ಸಿ-* ಎಂದು ಎರಡೂ ಕಡೆ ನಕ್ಷತ್ರ ಹಾಕಿ.

ಪ್ರಶ್ನೆ: ಲೇಯರ್ ಆಫ್ ಮಾಡಿದರೆ ಅದರಲ್ಲಿರುವುದು ಸೆಲೆಕ್ಟ್ ಆಗುವುದಿಲ್ಲ, ಅಲ್ವಾ ಸರ್?

ಉತ್ತರ: ಹಾಗೆ ನಂಬಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಅಳಿಸುವ ಕಮಾಂಡ್ ಕೊಟ್ಟು 'ಆಲ್' ಎಂದೆ. ಆಫ್ ಮಾಡಿದ್ದ ಲೇಯರ್‌ನ ಅಳತೆ ಗೆರೆಗಳೆಲ್ಲ ಸದ್ದಿಲ್ಲದೆ ಹೋದವು. ಎರಡು ದಿನ ಆದ ಮೇಲೆ ಗೊತ್ತಾಯಿತು. ಆಫ್ ಅಂದರೆ ಕಾಣುವುದಿಲ್ಲ ಅಷ್ಟೇ, 'ಆಲ್' ಅಂದರೆ ಅದೂ ಸೇರುತ್ತದೆ. ಕೈಗೆ ಸಿಗಬಾರದು ಎಂದಿದ್ದರೆ ಫ್ರೀಜ್ ಮಾಡಿ.

ಮೊದಲು ಕೇಳಿದವರು: ಸರ್, ಎರಡು ಸುತ್ತಿನ ಜರಡಿ ಕೆಲಸ ಮಾಡಿತು! 588 ಸಿಕ್ಕವು. ಇನ್ನೂ 24 ಕಡಿಮೆ ಇವೆ. ಆರಿಸಿದ್ದನ್ನು ಮಾತ್ರ ತೋರಿಸುವ ಐಸೊಲೇಟ್‌ಆಬ್ಜೆಕ್ಟ್ಸ್ ಕಮಾಂಡ್ ಕೊಟ್ಟು ನೋಡಿದೆ, ಒಂದು ಮೂಲೆಯ ತೂತುಗಳೇ ಇಲ್ಲ. ಅಲ್ಲಿ ಕ್ಲಿಕ್ ಮಾಡಿದರೆ ಪಾಲಿಲೈನ್ (ಹಲವು ತುಂಡುಗಳು ಸೇರಿದ ಒಂದೇ ಗೆರೆ) ಅಂತ ತೋರಿಸುತ್ತಿದೆ.

ಉತ್ತರ: ಸಂಖ್ಯೆ ತಾಳೆ ನೋಡಿದ್ದು ತುಂಬಾ ಒಳ್ಳೆಯದಾಯಿತು. ಬೇರೆ ಸಾಫ್ಟ್‌ವೇರ್‌ನಿಂದ ಬಂದ ಡ್ರಾಯಿಂಗ್‌ಗಳಲ್ಲಿ ಎರಡು ಕಮಾನು ಸೇರಿಸಿದ ಪಾಲಿಲೈನ್ ತೂತಿನ ವೇಷದಲ್ಲಿ ಇರುವುದುಂಟು. ಅದಕ್ಕೆ ಡಯಾಮೀಟರ್ ಎಂಬ ಪ್ರಾಪರ್ಟಿಯೇ ಇಲ್ಲ. ಆದರೆ ಏರಿಯಾ ಇದೆ. 12ರ ತೂತಿನ ಏರಿಯಾ 113.097. ಆಬ್ಜೆಕ್ಟ್ ಟೈಪ್ ಪಾಲಿಲೈನ್, ಕ್ಲೋಸ್ಡ್ ಯೆಸ್, ಆಮೇಲೆ ಕರೆಂಟ್ ಸೆಲೆಕ್ಷನ್ ಮೇಲೆ ಏರಿಯಾ 112.9ಕ್ಕಿಂತ ಜಾಸ್ತಿ, ಕೊನೆಗೆ 113.3ಕ್ಕಿಂತ ಕಡಿಮೆ. ಅದೇ ಏರಿಯಾದ ಚೌಕವೋ ಸ್ಲಾಟೋ ಇದ್ದರೆ ಅದೂ ಬರುತ್ತದೆ. ಲೇಯರ್ ಬದಲಿಸುವ ಮೊದಲು ಐಸೊಲೇಟ್ ಮಾಡಿ ಒಮ್ಮೆ ಕಣ್ಣು ಹಾಯಿಸಿ.

ಮೊದಲು ಕೇಳಿದವರು: ಸರಿಯಾಗಿ 24 ಬಂದವು ಸರ್. ಎಲ್ಲವೂ ತೂತುಗಳೇ.