ಬೆಸಿಲ್‌ಗೆ ತುಳಸಿ ಅನ್ನೋದಾ? ಸಬ್ಜಾ ಗಿಡಕ್ಕೆ ನಿಮ್ಮ ಕಡೆ ಏನಂತೀರಿ?

ಪಾಸ್ತಾ, ಪಿಜ್ಜಾಗೆ ಹಾಕೋ ಬೆಸಿಲ್ ಸೊಪ್ಪನ್ನು ಮನೆಯೊಳಗೆ ಬೆಳೆಸೋದು ಹೇಗೆ ಅಂತ ಎರಡು ಪುಟ ಕನ್ನಡದಲ್ಲಿ ಬರೆದುಕೊಡು ಅಂತ ಕಲಬುರಗಿಯ ನಮ್ಮ ಅಪಾರ್ಟ್‌ಮೆಂಟಿನ ಹೆಣ್ಣುಮಕ್ಕಳು ಗಂಟುಬಿದ್ದಿದ್ದಾರೆ. ಇವರಲ್ಲಿ ಯಾರೂ ಹಿಂದೆ ಗಿಡ ಹಾಕಿದವರಲ್ಲ. ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ಬೆಸಿಲ್‌ಗೆ ಏನನ್ನಲಿ?

ತುಳಸಿ ಅಂದುಬಿಡಬಹುದು, ಸುಮಾರು ಜನ ಹಾಗೇ ಬರೆಯುತ್ತಾರೆ. ಆದರೆ ಮೊನ್ನೆ ಪಾಸ್ತಾಗೆ ಅಂತ ಒಂದು ಹಿಡಿ ಎಲೆ ಕಿತ್ತು, "ಇದೂ ಒಂಥರಾ ತುಳಸೀನೇ" ಅಂದೆ ನೋಡಿ, ನಮ್ಮವ್ವ ಮಿಕ್ಸಿ ಜಾರು ಕಸಿದುಕೊಂಡಳು. "ಬಳ್ಳೊಳ್ಳಿ ಜೋಡಿ ತುಳಸಿ ಅರೀತೀ ಏನು?" ಅವಳದು ಸರಿ. ಕಾರ್ತಿಕದಲ್ಲಿ ಯಾವುದಕ್ಕೆ ಮದುವೆ ಮಾಡುತ್ತೇವೋ ಆ ಗಿಡವೇ ಬೇರೆ. ದಾಯಾದಿಗಳು ಅನ್ನಿ. ಎರಡಕ್ಕೂ ಕಾಂಡ ಚೌಕ, ಎಲೆ ಎದುರುಬದುರು ಜೋಡಿ. ತುಳಸಿ ಎಲೆ ಸಣ್ಣದು, ದಂಟಿನ ಮೇಲೆ ನವಿರಾದ ಕೂದಲು, ಘಾಟು ಲವಂಗದ ಕಡೆ ವಾಲುತ್ತದೆ. ಅಂಗಡಿ ಪಾಕೀಟಿನ ಬೆಸಿಲ್ ಎಲೆ ಅಗಲ, ನುಣುಪು, ಚಮಚೆ ಕವುಚಿಟ್ಟ ಹಾಗೆ ಉಬ್ಬಿರುತ್ತದೆ.

ಪುಸ್ತಕದ ಪದ ಕಾಮಕಸ್ತೂರಿ. ಚಂದದ ಹೆಸರು, ತಪ್ಪಿಲ್ಲ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಆಸಿಮಮ್ ಬೆಸಿಲಿಕಮ್ ಅಂತ ಹೆಸರಿಟ್ಟದ್ದು ಇದಕ್ಕೇ. ಬೆಸಿಲಿಕಮ್ ಗ್ರೀಕಿನಿಂದ ಬಂದ ಮಾತು, ಅರ್ಥ ರಾಜನಿಗೆ ಸೇರಿದ್ದು. ಅಲ್ಲಿ ರಾಜ, ಇಲ್ಲಿ ಕಾಮ! ಆದರೆ ಕಾಮಕಸ್ತೂರಿ ಅಂದರೆ ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಒಬ್ಬಾಕೆ ಅಗರಬತ್ತಿಯಾ ಅಂದಳು.

ಸಬ್ಜಾ ಅಂದರೆ ಮಾತ್ರ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಶರಬತ್ತಿಗೆ, ಫಾಲೂದಾಕ್ಕೆ ಹಾಕೋ ಕರಿ ಬೀಜ ಇದೇ ಗಿಡದ್ದು. ಪಾರ್ಸಿ ಭಾಷೆಯ ಸಬ್ಜ್, ಅಂದರೆ ಹಸಿರು, ಈ ಪದದ ಮೂಲ. ಬೀದರ್ ಕಡೆಯ ಮರಾಠಿಯವರಿಗೂ ತೆಲುಗಿನವರಿಗೂ ಇದು ಸಬ್ಜಾನೇ, ಉರ್ದು ಮಾತಾಡುವವರಲ್ಲಿ ರೇಹಾನ್ ಅನ್ನೋದೂ ಇದೆ. ರೇಹಾನಾ ಅಂತ ಹುಡುಗಿಯರಿಗೆ ಇಡುತ್ತಾರಲ್ಲ, ಆ ಹೆಸರೂ ಅಲ್ಲಿಂದಲೇ ಬಂದದ್ದು.

ನನಗೆ ವಿಚಿತ್ರ ಅನಿಸಿದ್ದು ಇದು: ನಮ್ಮ ಕಡೆ ಬೀಜಕ್ಕೆ ಹೆಸರಿದೆ, ಗಿಡಕ್ಕೆ ಇಲ್ಲ. ಸಬ್ಜಾ ಕುಡಿದವರು ಸಾವಿರ, ಗಿಡ ಕಂಡವರು ಎಷ್ಟು? ಕಿರಾಣಿ ಅಂಗಡಿಯ ಸಬ್ಜಾನೇ ಒಂದು ಚಿಟಿಕೆ ಬಿತ್ತಿ ನೋಡಿದೆ. ಮೊದಲು ನೆನೆಸಿ ಕೆಟ್ಟೆ. ನೀರು ಬಿದ್ದ ಐದೇ ನಿಮಿಷಕ್ಕೆ ಕಪ್ಪೆ ಮೊಟ್ಟೆ ಹಾಗೆ ಸುತ್ತ ಲೋಳೆ ಕಟ್ಟಿ, ಬೆರಳಿಗಂಟಿ, ಎಲ್ಲ ಒಂದೇ ಮುದ್ದೆ. ಒಣ ಬೀಜವನ್ನೇ ಹಸಿ ಮಣ್ಣಿನ ಮೇಲೆ ಉದುರಿಸಿ ತೆಳ್ಳಗೆ ಮಣ್ಣು ಮುಚ್ಚಿದರೆ ಸಾಕು. ವಾರದೊಳಗೆ ಅರ್ಧಚಂದ್ರದಂಥ ಎರಡು ಪುಟ್ಟ ಎಲೆ ಮೇಲೆ ಬಂದವು. ಬೆಳೆದ ಮೇಲೆ ವಾಸನೆ ಅಂಗಡಿ ಪಾಕೀಟಿನ ಇಟಲಿ ತಳಿಯಷ್ಟು ಸಿಹಿ ಇಲ್ಲ, ಸ್ವಲ್ಪ ಕರ್ಪೂರ ಕರ್ಪೂರ. ಆದರೂ ಚಟ್ನಿಗೆ ನಡೆಯುತ್ತದೆ.

ಹಾಗಾಗಿ ನಾನು "ಬೆಸಿಲ್, ಅಂದರೆ ಸಬ್ಜಾ ಗಿಡ" ಅಂತ ಬರೆದು ಕಾಮಕಸ್ತೂರಿಯನ್ನು ಒಂದೇ ಸಲ ಹೇಳಿ ಬಿಡೋಣ ಅಂತಿದ್ದೇನೆ. ತುಳಸಿ ಬೇಡವೇ ಬೇಡ.

ಪಾಟ್‌ಗೆ ಕುಂಡ ಅಂತಲೇ ಬರೆದೆ. ಪಕ್ಕದ ಮನೆಯ ಮರಾಠಿಯವರು ಅದನ್ನೇ ಕುಂಡಿ ಅನ್ನುತ್ತಾರೆ. "ನಮ್ಮ ಕುಂಡಿಗೆ ಬಿಸಿಲು ಬೀಳಲ್ಲ" ಅಂತ ಅವರು ಅಂದಾಗಲೆಲ್ಲ ನಮ್ಮ ಹುಡುಗರು ಎದ್ದು ಆಚೆ ಓಡುತ್ತಾರೆ.

ಪಿಂಚಿಂಗ್ ಅನ್ನೋದಕ್ಕೆ ಒದ್ದಾಡಲೇ ಇಲ್ಲ. ತೊಗರಿ ಸೀಮೆಯಲ್ಲಿದ್ದುಕೊಂಡು ಅದಕ್ಕೆ ಹೊಸ ಪದ ಹುಡುಕಿದರೆ ನಗುತ್ತಾರೆ. ಹೊಲದಲ್ಲಿ ತೊಗರಿ ಕುಡಿ ಚಿವುಟುತ್ತಾರಲ್ಲ, ಪಕ್ಕದ ಟೊಂಗೆ ಜಾಸ್ತಿ ಒಡೆಯಲಿ ಅಂತ, ಅದೇ ಕೆಲಸ. ಗಿಡ ಗೇಣುದ್ದ ಆದಾಗ ಒಂದು ಜೋಡಿ ಎಲೆಯ ಸ್ವಲ್ಪ ಮೇಲೆ ಕುಡಿ ಚಿವುಟಬೇಕು, ಆ ಎಲೆಗಳ ಕಂಕುಳಿಂದ ಎರಡು ಟೊಂಗೆ ಹೊರಡುತ್ತವೆ. ಹೂವಿನ ತೆನೆ ಕಂಡರೂ ಚಿವುಟಿ, ಇಲ್ಲಾಂದ್ರೆ ಎಲೆ ಬರೋದು ಕಮ್ಮಿಯಾಗುತ್ತದೆ. ನಮ್ಮವ್ವ ಇದಕ್ಕೆ ಚೂಟೋದು ಅನ್ನುತ್ತಾಳೆ. ಎರಡರಲ್ಲಿ ಯಾವುದು ಹೆಚ್ಚು ಜನಕ್ಕೆ ಗೊತ್ತು?

ಇನ್ನೊಂದು ಪದ ನಿಜಕ್ಕೂ ಬೇಕಾಗಿದೆ. ಬೆಸಿಲ್‌ಗೆ ದಿನಕ್ಕೆ ಆರು ತಾಸಾದರೂ ಬಿಸಿಲು ಬೇಕು. ನಮ್ಮ ಮೇ ತಿಂಗಳ ಮಧ್ಯಾಹ್ನದ್ದನ್ನು ಬಿಟ್ಟು ಅನ್ನಿ, ಅದು ಎಲೆ ಸುಟ್ಟೇ ಬಿಡುತ್ತದೆ. ನನ್ನ ಮೊದಲ ಕುಂಡ ಫ್ರಿಜ್ ಮೇಲಿತ್ತು. ಗಿಡ ದಾರದ ಹಾಗೆ ಉದ್ದಕ್ಕೆ ಎದ್ದು, ಬಿಳುಚಿ, ಕಿಟಕಿ ಕಡೆ ಬಾಗಿ ಬಿತ್ತು. ಇಂಗ್ಲಿಷಿನಲ್ಲಿ ಇದಕ್ಕೆ ಲೆಗ್ಗಿ ಅನ್ನುತ್ತಾರೆ. ಸೊರಗು ಅಂದರೆ ಸಾಲದು, ಅದರಲ್ಲಿ ಈ ಉದ್ದ ಇಲ್ಲ. ನೀಳವಾಗು ಅಂದರೆ ಹೊಗಳಿದ ಹಾಗೆ. ನಮ್ಮವ್ವ ಅದನ್ನು ಕಂಡು ಅಂದದ್ದು, "ಘಟದ ಸಸಿ ಆಗ್ಯಾದ." ದಸರೆಗೆ ದೇವರ ಮನೆಯ ಕತ್ತಲಲ್ಲಿ ಬೆಳೆಸುವ ಗೋಧಿ ಸಸಿ, ಅದೇ ಹಳದಿ, ಅದೇ ಉದ್ದ. ಘಟ ಹಾಕದ ಊರಿನವರಿಗೆ ಇದು ಗೊತ್ತಾಗುತ್ತದಾ? ನಿಮ್ಮ ಕಡೆ ಬಿಸಿಲು ಕಾಣದೆ ಹೀಗೆ ಎದ್ದ ಸಸಿಗೆ ಏನಂತೀರಿ?