ಹುಬ್ಬಳ್ಳಿ ಸುತ್ತ ದೋಸ್ತರ ಜೊತೆ ಟಿಎಸ್‌ಡಿ ರ‍್ಯಾಲಿ: ಎಲ್ಲಿಂದ ಸುರು ಮಾಡೂದು?

ಗೋಕುಲರೋಡ್_ಹ್ಯಾಚ್‌ಬ್ಯಾಕ್:

ಎಲ್ಲಾರಿಗೂ ನಮಸ್ಕಾರ್ರೀ. ನಾವು ಹುಬ್ಬಳ್ಳಿ-ಧಾರವಾಡದ ದೋಸ್ತರು, ಎಂಟು ಮಂದಿ, ನಾಲ್ಕು ಗಾಡಿ: ಎರಡು ಸ್ವಿಫ್ಟ್, ಒಂದು ಐ20, ಒಂದು ಹಳೇ ಬೊಲೆರೊ. ರ‍್ಯಾಲಿ ಸುರು ಮಾಡಬೇಕಂತ ಮನಸ್ಸೈತಿ. ಜೋರ್ ಓಡಸೂದು ಬ್ಯಾಡ, ರೋಡ್‌ಬುಕ್ (ದಾರಿ ಬರದ ಪುಸ್ತಕ) ಹಿಡಕೊಂಡು ಟೈಮಿಗೆ ಸರಿಯಾಗಿ ಮುಟ್ಟೂ ಟಿಎಸ್‌ಡಿ, ಅಂದ್ರ ಟೈಮ್-ಸ್ಪೀಡ್-ಡಿಸ್ಟೆನ್ಸ್, ನಮೂನಿದ್ದು ಸಾಕು. ಗಾಡಿಗೆ ಏನೇನ್ ಹಾಕಸಬೇಕು? ದೂರ ಅಳಿಯೂ ಟ್ರಿಪ್‌ಮೀಟರ್ ತಗೋಬೇಕೋ, ಮೊಬೈಲ್ ಸಾಕೋ? ಲೆಕ್ಕ ಹ್ಯಾಂಗ ಮಾಡೂದು? ಪೊಲೀಸರ ಪರವಾನಗಿ ಬೇಕೇನ್ರಿ? ಮೊದಲನೇ ಸಲಕ್ಕ ಯಾವ ದಾರಿ ಚಲೋ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳ್ರಿ.

ಎಡಸೀಟು:

ಗಾಡಿ ಮಾತು ಆಮೇಲೆ. ಟಿಎಸ್‌ಡಿಯಲ್ಲಿ ಸೋಲು-ಗೆಲುವು ಆಗೋದು ಎಡಗಡೆ ಸೀಟಿನಲ್ಲಿ, ದಾರಿ ಹೇಳುವ ನ್ಯಾವಿಗೇಟರ್ ತೊಡೆ ಮೇಲಿನ ಹಾಳೆಯಲ್ಲಿ. ಹಾಗಾಗಿ ಮೊದಲು ಲೆಕ್ಕ.

ರೋಡ್‌ಬುಕ್‌ನ ಪ್ರತಿ ಸಾಲಿನಲ್ಲಿ ಸುರುವಿನಿಂದ ಒಟ್ಟು ದೂರ, ಹಿಂದಿನ ಸಾಲಿನಿಂದ ದೂರ, ಒಂದು ಟ್ಯುಲಿಪ್ ಚಿತ್ರ (ತಿರುವಿನ ಪುಟ್ಟ ನಕ್ಷೆ), ಪಕ್ಕದಲ್ಲಿ ಗುರುತು ಇರುತ್ತೆ. ಚಿತ್ರದಲ್ಲಿ ದಪ್ಪ ಚುಕ್ಕೆ ಅಂದರೆ ನೀವು ಬರುವ ದಾರಿ, ಬಾಣ ಅಂದರೆ ಹೋಗಬೇಕಾದ ದಾರಿ. ಉಳಿದ ಗೆರೆಗಳೆಲ್ಲ ನೀವು ಬಿಡಬೇಕಾದ ರಸ್ತೆ. ಎಲ್ಲೆಲ್ಲಿ ಸರಾಸರಿ ವೇಗ ಬದಲಾಗುತ್ತೆ ಅನ್ನೋದೂ ಅದರಲ್ಲೇ. ಗಾಡಿ ದಾಟಿದ ಹೊತ್ತನ್ನು ಬರೆದುಕೊಳ್ಳುವ ಜಾಗ, ಅಂದರೆ ಟೈಮ್ ಕಂಟ್ರೋಲ್ ಅಥವಾ ಟಿಸಿ, ಎಲ್ಲಿದೆ ಅಂತ ಮಾತ್ರ ಹೇಳಿರಲ್ಲ. ಸಾಮಾನ್ಯವಾಗಿ ತಡವಾದರೆ ಸೆಕೆಂಡಿಗೆ 1 ಪೆನಾಲ್ಟಿ, ಮುಂಚೆ ಬಂದರೆ ಸೆಕೆಂಡಿಗೆ 2. ಟಿಸಿ ಕಣ್ಣಿಗೆ ಬಿದ್ದ ಮೇಲೆ ನಿಲ್ಲೋದು, ತೆವಳೋದು ಬಹುತೇಕ ಸ್ಪರ್ಧೆಗಳಲ್ಲಿ ನಡೆಯಲ್ಲ. ಅಂದರೆ ದಾರಿಯುದ್ದಕ್ಕೂ ಯಾವ ಕ್ಷಣದಲ್ಲಿ ನೋಡಿದರೂ ಗಾಡಿ ಸರಿಯಾದ ಹೊತ್ತಿನಲ್ಲಿ ಇರಬೇಕು.

ಸೂತ್ರ ಒಂದೇ: ಕಿಲೋಮೀಟರನ್ನು 3600ರಿಂದ ಗುಣಿಸಿ, ಸರಾಸರಿ ವೇಗದಿಂದ ಭಾಗಿಸಿದರೆ ಸೆಕೆಂಡು ಬರುತ್ತೆ. ಗಾಡಿಯಲ್ಲಿ ಕೂತು ಭಾಗಾಕಾರ ಮಾಡಕ್ಕಾಗಲ್ಲ, ಅದಕ್ಕೆ ಒಂದು ಕಿಲೋಮೀಟರಿಗೆ ಎಷ್ಟು ಸೆಕೆಂಡು ಅನ್ನೋ ಪಟ್ಟಿಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಳ್ಳಿ. ಗಂಟೆಗೆ 24 ಆದರೆ 150, 30 ಆದರೆ 120, 32 ಆದರೆ 112.5, 36 ಆದರೆ 100, 40 ಆದರೆ 90, 45 ಆದರೆ 80. ಮೊದಲ ಸಲ ಪೂರಾ ದಾರಿಗೆ 36 ಇಟ್ಟುಬಿಡಿ: 7.35 ಕಿ.ಮೀ. ಅಂದರೆ 735 ಸೆಕೆಂಡು, ಲೆಕ್ಕವೇ ಬೇಡ.

ಮುಂದಿನ ಸಲ ಹೀಗೆ ಮಾಡಿ: 0ದಿಂದ 8.40ರವರೆಗೆ 36, ಅಲ್ಲಿಂದ 15.90ರವರೆಗೆ 40, ಅಲ್ಲಿಂದ 20.30ರವರೆಗೆ 30. ಮೊದಲ ತುಂಡು 14 ನಿಮಿಷ. ಎರಡನೆಯದು 7.50 ಕಿ.ಮೀ., 675 ಸೆಕೆಂಡು, 11 ನಿಮಿಷ 15. ಮೂರನೆಯದು 4.40 ಕಿ.ಮೀ., 528 ಸೆಕೆಂಡು, 8 ನಿಮಿಷ 48. ಒಟ್ಟು 34 ನಿಮಿಷ 3 ಸೆಕೆಂಡು. 7:04ಕ್ಕೆ ಬಿಟ್ಟವರು 20.30ರಲ್ಲಿ 7:38:03ಕ್ಕೆ ಇರಬೇಕು. ಪ್ರತಿ ತಿರುವಿನ ಹೊತ್ತನ್ನು ಹಿಂದಿನ ರಾತ್ರಿಯೇ ರೋಡ್‌ಬುಕ್ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಡಿ. ಪೆನ್ನು ಬೇಡ, ಬೆವರಿಗೆ ಮಸಿ ಕದಡುತ್ತೆ.

ಈಗ ದೂರ. ನಿಮ್ಮ ಗಾಡಿಯ ಓಡೋಮೀಟರ್ ಮತ್ತು ಆಯೋಜಕರ ಮೀಟರ್ ಎಂದೂ ಒಂದೇ ಹೇಳಲ್ಲ. ಅದಕ್ಕೇ ಸುರುವಿನಲ್ಲಿ ಒಂದು ಓಡೋಚೆಕ್ ತುಂಡು ಇರುತ್ತೆ. ರೋಡ್‌ಬುಕ್ 10.00 ಅಂದ ಕಡೆ ನಿಮ್ಮದು 10.30 ತೋರಿಸಿದರೆ, ಮುಂದೆ ರೋಡ್‌ಬುಕ್‌ನ ಪ್ರತಿ ಅಂಕಿಯನ್ನೂ 1.03ರಿಂದ ಗುಣಿಸಿ. ಅಂದರೆ 24.60ರ ತಿರುವು ನಿಮ್ಮ ಮೀಟರಿನಲ್ಲಿ 25.34ಕ್ಕೆ ಬರುತ್ತೆ. ಇದನ್ನು ಬಿಟ್ಟರೆ ಬರೀ 3% ತಪ್ಪು 20 ಕಿ.ಮೀ.ಗೆ 600 ಮೀಟರ್ ಆಗುತ್ತೆ, 36ರ ವೇಗದಲ್ಲಿ ಅದೇ 60 ಸೆಕೆಂಡು. ಟೈರ್ ಸೈಜ್ ಬದಲಿಸಿದವರಂತೂ ಎಚ್ಚರ: 185/65 ಆರ್15 ತೆಗೆದು 195/65 ಹಾಕಿಸಿದರೆ ಚಕ್ರದ ವ್ಯಾಸ 2% ದೊಡ್ಡದಾಗುತ್ತೆ, ಮೀಟರ್ ಅಷ್ಟು ಕಡಿಮೆ ಓದುತ್ತೆ.

ಟ್ರಿಪ್‌ಮೀಟರ್ ಈಗಲೇ ಕೊಳ್ಳಬೇಡಿ. ಆದರೆ ಗಾಡಿಯ ಟ್ರಿಪ್ 100 ಮೀಟರಿಗೊಮ್ಮೆ ಬದಲಾಗುತ್ತೆ, 36ರ ವೇಗದಲ್ಲಿ ಅದು 10 ಸೆಕೆಂಡು, ಸಾಲದು. 10 ಮೀಟರ್‌ವರೆಗೆ ತೋರಿಸುವ, ಗುಣಕ ಹಾಕಲು ಬರುವ ಜಿಪಿಎಸ್ ಟ್ರಿಪ್ ಆ್ಯಪ್ ಮೊಬೈಲಿನಲ್ಲಿ ಸಾಕು. ಅದರ ಕಾಯಿಲೆ ಎರಡು: ನಿಂತಲ್ಲೇ ನಿಂತರೂ ಕೆಲವೊಮ್ಮೆ ಮೀಟರ್ ಓಡುತ್ತೆ, ದಟ್ಟ ಮರಗಳ ಕೆಳಗೆ ತಿರುವುಗಳನ್ನು ಕತ್ತರಿಸಿ ದೂರ ನುಂಗುತ್ತೆ. ದಾರಿ ತಪ್ಪಿ ಹಿಂದೆ ಬಂದರೆ ತಪ್ಪಿದ ದೂರವೂ ಸೇರಿಕೊಂಡಿರುತ್ತೆ. ಗೊತ್ತಿರುವ ಒಂದು ಟ್ಯುಲಿಪ್‌ಗೆ ವಾಪಸ್ ಹೋಗಿ, ಅಲ್ಲಿನ ಅಂಕಿಗೆ ಮೀಟರ್ ಹೊಂದಿಸಿ, ಆಮೇಲೆ ಮುಂದೆ.

ಚಾಲಕರು ಮಾಡುವ ಮೊದಲ ತಪ್ಪು: ಸರಾಸರಿ 36 ಅಂದಿದ್ದಾರೆ ಅಂತ ಮುಳ್ಳನ್ನು 36ಕ್ಕೇ ಹಿಡಿಯೋದು. ಸ್ಪೀಡೋಮೀಟರ್ ಇರೋದಕ್ಕಿಂತ ಜಾಸ್ತಿಯೇ ತೋರಿಸುತ್ತೆ, ಮೇಲೆ ಹಂಪ್ಸ್, ಎತ್ತಿನ ಗಾಡಿ, ತಿರುವು. ನೇರ ರಸ್ತೆಯಲ್ಲಿ ಮುಳ್ಳು 42-45ರಲ್ಲಿ ಇದ್ದರೆ ಸರಾಸರಿ 36 ಕೂಡುತ್ತೆ. 40 ಸೆಕೆಂಡು ಹಿಂದೆ ಬಿದ್ದರೆ ಗಾಬರಿಯಾಗಿ 70ಕ್ಕೆ ಏರಿಸೋದು ಎರಡನೇ ತಪ್ಪು. ನಿಜವಾದ 45ರಲ್ಲಿ ಹೋದರೆ ಕಿಲೋಮೀಟರಿಗೆ 20 ಸೆಕೆಂಡು ಉಳಿಯುತ್ತೆ, ಎರಡೇ ಕಿಲೋಮೀಟರಲ್ಲಿ ಸರಿಹೋಯ್ತು.

ನ್ಯಾವಿಗೇಟರ್‌ಗೆ ಓದುತ್ತ ಹೋದರೆ ವಾಂತಿ ಬರೋದು ಸಹಜ. ಹೊಟ್ಟೆ ಬಿರಿಯುವಷ್ಟು ತಿನ್ನಬೇಡಿ, ಪೂರ್ತಿ ಖಾಲಿಯೂ ಬೇಡ. ವಾಂತಿ ಗುಳಿಗೆ ಬಹಳ ಮಂದಿಗೆ ನಿದ್ದೆ ತರಿಸುತ್ತೆ, ಚಾಲಕ ಅಂತೂ ಮುಟ್ಟಲೇಬಾರದು.

ಕಾಗದಪತ್ರ:

ಎಡಸೀಟು ಅವರ ಲೆಕ್ಕಕ್ಕೆ ಸೇರಿಸೋದು ಏನೂ ಇಲ್ಲ. ನನ್ನದು ಕಾಗದದ ಮಾತು.

1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಅಥವಾ ಯಾವುದೇ ಬಗೆಯ ವೇಗದ ಪರೀಕ್ಷೆ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 3 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂ.ವರೆಗೆ ದಂಡ, ಅಥವಾ ಎರಡೂ. ಮರುಕಳಿಸಿದರೆ 1 ವರ್ಷ, 10,000 ರೂ.ವರೆಗೆ. ಟಿಎಸ್‌ಡಿ ವೇಗದ ಸ್ಪರ್ಧೆಯಲ್ಲ, ನಿಜ. ಆದರೆ ಬಾಗಿಲಿಗೆ ನಂಬರ್ ಅಂಟಿಸಿದ ನಾಲ್ಕು ಕಾರು ಸಾಲಾಗಿ ಹೋಗುವಾಗ ಆ ವ್ಯತ್ಯಾಸವನ್ನು ಠಾಣೆಯಲ್ಲಿ ನಿಂತು ವಿವರಿಸುವ ಪ್ರಸಂಗ ಯಾಕೆ ಬೇಕು? ದೋಸ್ತರ ಅಭ್ಯಾಸಕ್ಕೆ ಸ್ಟಿಕ್ಕರ್, ಪ್ರವೇಶ ಶುಲ್ಕ, ಬಹುಮಾನ ಯಾವುದೂ ಬೇಡ. ದಿನಾಂಕ, ಹೊತ್ತು, ದಾರಿ, ಗಾಡಿಗಳ ಸಂಖ್ಯೆ, ಗರಿಷ್ಠ ಸರಾಸರಿ ವೇಗ ಬರೆದ ಒಂದು ಪತ್ರವನ್ನು ಮುಂಚಿತವಾಗಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅವಳಿ ನಗರದೊಳಗೆ ಪೊಲೀಸ್ ಕಮಿಷನರೇಟ್, ಹೊರಗೆ ಆಯಾ ಜಿಲ್ಲೆಯ ಎಸ್‌ಪಿ ಕಚೇರಿ. ದಾರಿ ಗದಗ ಜಿಲ್ಲೆಗೆ ದಾಟಿದರೆ ಅಲ್ಲಿಗೂ ಒಂದು ಪ್ರತಿ.

ಶುಲ್ಕ ತಗೊಂಡು ಹೊರಗಿನವರನ್ನು ಕರೆಯುವ ಮಟ್ಟಕ್ಕೆ ಬಂದರೆ ಅದು ಬೇರೆಯೇ ಕೆಲಸ. ದೇಶದ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐಗೆ ಸೇರಿದ ಕ್ಲಬ್ ಮೂಲಕವೇ ಹೋಗಿ. ನೀವು ಬೇರೆಯವರ ಸ್ಪರ್ಧೆಗೆ ಹೋಗುವಾಗಲೂ ಸಪ್ಲಿಮೆಂಟರಿ ರೆಗ್ಯುಲೇಷನ್ಸ್ (ಆ ಸ್ಪರ್ಧೆಯದೇ ನಿಯಮಗಳು) ಪೂರ್ತಿ ಓದಿ. ಲೈಸೆನ್ಸ್ ಯಾವುದು, ಯಾವ ಉಪಕರಣಕ್ಕೆ ಅವಕಾಶ, ಪೆನಾಲ್ಟಿ ಹೇಗೆ, ಎಲ್ಲ ಅದರಲ್ಲೇ ಇರುತ್ತೆ.

ಇನ್ನು ವಿಮೆ. ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಅನ್ನೋ ಕಡೆ ನೋಡಿ. ಆಯೋಜಿತ ರೇಸಿಂಗ್, ಪೇಸ್ ಮೇಕಿಂಗ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ಗಾಡಿಯ ತಾಳಿಕೆ ಪರೀಕ್ಷೆ) ಇವಕ್ಕೆ ರಕ್ಷಣೆ ಇಲ್ಲ ಅಂತ ಬರೆದಿರುತ್ತೆ. ಟಿಎಸ್‌ಡಿಯನ್ನು ಕೊನೆಯದಕ್ಕೆ ಸೇರಿಸಿ ಕ್ಲೇಮ್ ತಳ್ಳಿಹಾಕಲು ಜಾಗ ಇದೆ. ಇದಕ್ಕೆಂದೇ ಐಎಂಟಿ 31 ಅನ್ನೋ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ಹೆಚ್ಚುವರಿ ಕಲಂ) ಇದೆ, ರಿಲಯಬಿಲಿಟಿ ಟ್ರಯಲ್ ಮತ್ತು ರ‍್ಯಾಲಿಗಳಿಗೆ. ಕೊಡ್ತೀರಾ, ಎಷ್ಟಾಗುತ್ತೆ ಅಂತ ಮೇಲ್ ಮಾಡಿ ಕೇಳಿ, ಉತ್ತರವೂ ಬರಹದಲ್ಲೇ ಇರಲಿ. ಏಜೆಂಟ್ ಫೋನಿನಲ್ಲಿ ‘ಏನೂ ಆಗಂಗಿಲ್ಲ ಬಿಡ್ರಿ ಸರ್’ ಅಂದಿದ್ದು ಲೆಕ್ಕಕ್ಕೆ ಬರಲ್ಲ.

ಎರಿಹೊಲ_ಗದಗ:

ದಾರಿ ಮತ್ತ ಗಾಡಿದು ನಾ ಹೇಳ್ತೀನ್ರಿ.

ಗಾಡಿಗೆ ಏನೂ ಹಾಕಸಬ್ಯಾಡ್ರಿ. ಗಾಡಿಯೊಳಗ ಕಟ್ಟೂ ಪೈಪಿನ ಚೌಕಟ್ಟು, ರೋಲ್‌ಕೇಜ್, ಅಂತೂ ಬ್ಯಾಡೇ ಬ್ಯಾಡ. ಹೆಲ್ಮೆಟ್ ಇಲ್ಲದ ತಲಿ ಸಣ್ಣ ಅಪಘಾತದಾಗೂ ಕಬ್ಬಿಣದ ಪೈಪಿಗೆ ಬಡೀತೈತಿ, ಆರ್‌ಟಿಒ ತಕರಾರು ಮ್ಯಾಲೆ. ಬ್ರೇಕ್ ಪ್ಯಾಡ್, ಆಯಿಲ್, ಬ್ಯಾಟರಿ ಟರ್ಮಿನಲ್ ನೋಡಿಕೊಳ್ರಿ. ಗಾಳಿ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಾಗ ಬರದಷ್ಟ, ಟೈರ್ ತಣ್ಣಗಿದ್ದಾಗ. ಸ್ಟೆಪ್ನಿಗೂ ಹಾಕ್ರಿ, ಅದನ್ನ ಎಲ್ಲಾರೂ ಮರೀತಾರ. ಡಿಕ್ಕಿಯೊಳಗ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ಗಾಳಿ ಪಂಪು, ಹಗ್ಗ, ತ್ರಿಕೋನ ಬೋರ್ಡು, ಪ್ರಥಮ ಚಿಕಿತ್ಸೆ ಡಬ್ಬಿ, 1 ಕೆ.ಜಿ. ಎಬಿಸಿ ಪೌಡರಿನ ಬೆಂಕಿ ಆರಿಸೂ ಸಿಲಿಂಡರ್ ಇರಲಿ. ಸಿಲಿಂಡರ್ ಸೀಟಿನ ಕೆಳಗ ಸುಮ್ನ ಒಗೀಬ್ಯಾಡ್ರಿ, ಉರುಳಿ ಪೆಡಲ್ ಕೆಳಗ ಬಂದ್ರ ಬ್ರೇಕ್ ಹತ್ತಂಗಿಲ್ಲ. ಕಟ್ಟಿ ಇಡ್ರಿ. ಸ್ವಿಫ್ಟ್, ಐ20ಕ್ಕ ಎಳೆಯೂ ಕೊಂಡಿ ಬ್ಯಾರೆ ಇರ್ತೈತಿ, ತಿರುವಿ ಹಾಕೂದು. ಮನ್ಯಾಗ ಒಂದ್ಸಲ ಹಾಕಿ ತಗದು ನೋಡ್ರಿ, ತ್ರೆಡ್‌ನಾಗ ತುಕ್ಕು ಕುಂತಿರ್ತೈತಿ.

ಮತ್ತ ಒಂದು ಅಡಿ ಉದ್ದ-ಅಗಲದ ದಪ್ಪ ಪ್ಲೈವುಡ್ ತುಂಡು. ನಮ್ಮ ಕಡೆ ಎರಿ ಮಣ್ಣಿನ ಮ್ಯಾಲೆ ಜ್ಯಾಕ್ ಇಟ್ರ ಗಾಡಿ ಏಳಂಗಿಲ್ಲ, ಜ್ಯಾಕ್ ಇಳೀತೈತಿ. ಮಳಿ ಬಿದ್ದ ಎರಡು ದಿನ ಡಾಂಬರ್ ಬಿಟ್ಟು ಪಕ್ಕಕ್ಕ ಚಕ್ರ ಇಳಸಬ್ಯಾಡ್ರಿ. ಟೈರಿನ ಗೀರು ತುಂಬಿ ನುಣ್ಣಗಾಗ್ತೈತಿ, ಬೊಲೆರೊನೂ ಅಲ್ಲೇ ಕುಂದರತೈತಿ.

ದಾರಿ: ಮೊದಲನೇ ಸಲಕ್ಕ ಕುಂದಗೋಳ ಊರು ದಾಟಿ ಸುರು ಮಾಡಿ ಸಂಶಿ, ಗುಡಗೇರಿ, ಲಕ್ಷ್ಮೇಶ್ವರ, ಮುಳಗುಂದ ಹಿಡದು ಗದಗ. ಬಯಲು, ಜಿಪಿಎಸ್ ಚಲೋ ಸಿಗ್ತೈತಿ, ಅಡ್ಡ ರಸ್ತೆ ಬೇಕಾದಷ್ಟು, ಟ್ಯುಲಿಪ್ ಬರಿಯಾಕ ಅನುಕೂಲ. ಗುಡಗೇರಿತನಕ ರೈಲು ಹಳಿ ಹತ್ತರನ ಇರ್ತೈತಿ, ಹಂಗಾಗಿ ಅಡ್ಡ ರಸ್ತೆಗೆ ಹೊಳ್ಳೂ ಮುಂದ ಗೇಟ್ ಐತೋ, ಕೆಳಸೇತುವೆ ಐತೋ ನೋಡ್ರಿ. ಮಳಿಗಾಲದಾಗ ಕೆಳಸೇತುವೆಯೊಳಗ ನೀರು ನಿಂತಿರ್ತೈತಿ. ಎನ್‌ಎಚ್ 48 ಮತ್ತ ಯಲ್ಲಾಪುರ ರಸ್ತೆ ಬ್ಯಾಡ, ಲಾರಿ ಹಿಂದ ಸಿಕ್ಕೊಂಡು ಸರಾಸರಿ ಕೆಡ್ತೈತಿ. ಅಳ್ನಾವರ-ಹಳಿಯಾಳ ಕಡೆ ಕಬ್ಬಿನ ಸೀಜನ್‌ನಾಗ ಲೈಟಿಲ್ಲದ ಟ್ರೇಲರ್. ಕಪ್ಪತಗುಡ್ಡ ವನ್ಯಜೀವಿಧಾಮ ಆಗೇತಿ, ಅದರೊಳಗಿನ ಮಣ್ಣಿನ ದಾರಿ ರೋಡ್‌ಬುಕ್ಕಿಗೆ ಹಾಕಬ್ಯಾಡ್ರಿ. ಚಳಿಗಾಲದಾಗ ಮಾಗಡಿ ಕೆರಿಗೆ ಪಟ್ಟೆತಲೆ ಬಾತು ಬಂದಿರ್ತಾವ, ಆ ದಂಡಿನೂ ಬಿಡ್ರಿ.

ನಮ್ಮ ಜಿಲ್ಲಾಗಳೊಳಗ ದೊಡ್ಡ ತೊಂದ್ರಿ ಅಂದ್ರ ರಸ್ತೆ ಮ್ಯಾಲಿನ ರಾಶಿ. ಹಾವೇರಿ ಕಡೆ ಗೊಂಜಾಳ ಅರ್ಧ ಡಾಂಬರ್ ತುಂಬ ಒಣಗಹಾಕಿರ್ತಾರ. ಅದರ ಮ್ಯಾಲೆ ಬ್ರೇಕ್ ಒತ್ತಿದ್ರ ಗೋಲಿ ಮ್ಯಾಲೆ ಕಾಲಿಟ್ಟಂಗ. ಹುಲ್ಲು, ಹೊಟ್ಟು ಹಾಸಿದಲ್ಲಿ ಹೋದ್ರ ಗಾಡಿ ಕೆಳಗ ಸಿಕ್ಕಿ ಸೈಲೆನ್ಸರ್ ಬಿಸಿಗೆ ಹೊತ್ತಗೋತೈತಿ, ದಾಟಿದ ಮ್ಯಾಲೆ ಇಳದು ಬಗ್ಗಿ ನೋಡ್ರಿ. ಸುಗ್ಗಿಯೊಳಗ ರೂಟ್ ಹಾಕೂದಾದ್ರ ಹಿಂದಿನ ದಿನ ಇನ್ನೊಮ್ಮೆ ಹೋಗಿ ಬರ್ರಿ. ಸಂತಿ ದಿನ ಯಾವ ಊರಿಗೆ ಯಾವಾಗ ಅಂತ ಕೇಳಿಕೊಳ್ರಿ. ಊರೊಳಗ ಸರಾಸರಿ ವೇಗ ಕೊಡಲೇಬ್ಯಾಡ್ರಿ: ಲಕ್ಷ್ಮೇಶ್ವರದ ಈ ಕಡೆಯಿಂದ ಆ ಕಡೆಗೆ 15 ನಿಮಿಷ ಅಂತ ಹೊತ್ತು ಕೊಟ್ಟುಬಿಡ್ರಿ, ಯಾರೂ ಅವಸರ ಮಾಡಂಗಿಲ್ಲ.

ರೋಡ್‌ಬುಕ್‌ನಾಗ ಗುರುತು ಬರಿವಾಗ ಕಿಲೋಮೀಟರ್ ಕಲ್ಲು, ನೀರಿನ ಟಾಕಿ, ಗುಡಿ ಕಮಾನು, ಬಸ್ ತಂಗುದಾಣ ಇಂಥವು. ಬ್ಯಾನರ್, ಚಹಾದಂಗಡಿ ಬ್ಯಾಡ, ಮುಂದಿನ ವಾರ ಅಲ್ಲಿ ಇರಂಗಿಲ್ಲ.

ಗೋಕುಲರೋಡ್_ಹ್ಯಾಚ್‌ಬ್ಯಾಕ್:

ಭಾಳ ಉಪಕಾರ ಆತ್ರಿ ಮೂವರಿಗೂ. ಒಂದು ತೊಡಕು ಉಳೀತು. ಟಿಸಿಗೆ ಇಬ್ಬಿಬ್ಬರು ನಿಂತ್ರ ಓಡಸಾಕ ಮಂದಿನ ಉಳಿಯಂಗಿಲ್ಲ. ಗೇಟ್ ಬಿದ್ರ ಕಾದ ಹೊತ್ತು ಹ್ಯಾಂಗ ಕಳಿಯೂದು?

ಎಡಸೀಟು:

ಮಂದಿ ಬೇಡ. ಪ್ರತಿ ಗಾಡಿಯಲ್ಲೂ ಒಂದು ಮೊಬೈಲ್ ಜಿಪಿಎಕ್ಸ್ ಟ್ರ್ಯಾಕ್ (ಹೋದ ದಾರಿ, ಹೊತ್ತು ಇರುವ ಜಿಪಿಎಸ್ ಫೈಲ್) ದಾಖಲಿಸಲಿ, ಸೆಕೆಂಡಿಗೊಂದು ಬಿಂದು. ಮುಗಿದ ಮೇಲೆ ದಾರಿಯ ಮೇಲಿನ ಇಪ್ಪತ್ತು ಜಾಗ ಬರೆದ ಚೀಟಿಗಳಿಂದ ಐದು ಎತ್ತಿ, ಅವೇ ನಿಮ್ಮ ಗುಪ್ತ ಟಿಸಿ. ಪ್ರತಿ ಗಾಡಿ ಆ ಬಿಂದು ದಾಟಿದ ಹೊತ್ತನ್ನು ಟ್ರ್ಯಾಕ್‌ನಿಂದ ತೆಗೆದು ಲೆಕ್ಕ ಹಾಕಿ. ಜಿಪಿಎಸ್ 5 ಮೀಟರ್ ಆಚೀಚೆ ಆದರೂ 36ರ ವೇಗದಲ್ಲಿ ಅರ್ಧ ಸೆಕೆಂಡು, ಅಷ್ಟೇ. ವೇಗ ಬದಲಾಗುವ ಜಾಗದಿಂದ 500 ಮೀಟರ್ ಒಳಗಿನ ಬಿಂದು ಚೀಟಿಯಲ್ಲಿ ಬೇಡ, ಅದು ಅದೃಷ್ಟದಾಟ ಆಗುತ್ತೆ. ಅದೇ ಕಾರಣಕ್ಕೆ ಊರೊಳಗಿನ ಬಿಂದುವೂ ಬೇಡ.

ರೈಲ್ವೆ ಗೇಟಿಗೂ ಇದೇ ದಾಖಲೆ ಸಾಕು: ಗೇಟಿನಿಂದ 100 ಮೀಟರ್ ಒಳಗೆ ಗಾಡಿ ನಿಂತ ಹೊತ್ತನ್ನು ಮುಂದಿನ ಎಲ್ಲ ಹೊತ್ತಿನಿಂದ ಕಳೆಯಿರಿ. ನ್ಯಾವಿಗೇಟರ್ ಗಾಡಿಯಲ್ಲೇ ಆ ಸೆಕೆಂಡನ್ನು ಬರೆದುಕೊಂಡು ಮುಂದಿನ ಗುರಿಗೆ ಕೂಡಿಸಿಕೊಳ್ಳಬೇಕು, ಇಲ್ಲದಿದ್ದರೆ ಚಾಲಕ ಗೇಟಿನ ಸಿಟ್ಟನ್ನು ರಸ್ತೆ ಮೇಲೆ ತೀರಿಸ್ತಾನೆ.

ಗಾಡಿಗಳನ್ನು 2 ನಿಮಿಷಕ್ಕೊಂದರಂತೆ ಬಿಡಿ. ಒಂದೇ ನಿಮಿಷದ ಅಂತರ ಇಟ್ಟರೆ ಮುಂದಿನವನ ಹಿಂಭಾಗ ನೋಡಿಕೊಂಡು ಹೋಗೋ ಚಾಳಿ ಬರುತ್ತೆ. ಅವನು ತಪ್ಪಿದರೆ ಎಲ್ಲರೂ ತಪ್ಪಿದಂತೆ. ಎಲ್ಲ ಮೊಬೈಲಿನ ಗಡಿಯಾರವನ್ನು ಜಿಪಿಎಸ್ ಸಮಯ ತೋರಿಸುವ ಆ್ಯಪ್ ಜೊತೆ ಹೋಲಿಸಿ, ವ್ಯತ್ಯಾಸ ಇದ್ದರೆ ಬರೆದಿಡಿ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ ಆ್ಯಪ್‌ಗೆ ಬಂದ್ ಮಾಡಿ, ಇಲ್ಲವಾದರೆ ಪರದೆ ಆರಿದ ಮೇಲೆ ಆಂಡ್ರಾಯ್ಡ್ ದಾಖಲೆ ನಿಲ್ಲಿಸಿಬಿಡುತ್ತೆ. ಜಿಪಿಎಕ್ಸ್ ಫೈಲಿನೊಳಗಿನ ಹೊತ್ತು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಇರುತ್ತೆ. 5 ಗಂಟೆ 30 ನಿಮಿಷ ಕೂಡಿಸಿಕೊಳ್ಳಿ.

ಎರಿಹೊಲ_ಗದಗ:

ಮೊಬೈಲ್ ಬಿಸಿಲಿಗೆ ಗಾಜಿನ ಹತ್ತರ ಇಡಬ್ಯಾಡ್ರಿ, ಕಾದು ತಾನ ಬಂದ್ ಆಗ್ತೈತಿ. ಎಸಿ ಗಾಳಿ ಬರೂ ಕಿಂಡಿಗೆ ಸಿಗಸೂ ಹೋಲ್ಡರ್ ತಗೊಳ್ರಿ. ಟ್ರ್ಯಾಕ್ ದಾಖಲಿಸೂ ಮೊಬೈಲ್ ಬ್ಯಾರೆ, ಟ್ರಿಪ್ ನೋಡೂ ಮೊಬೈಲ್ ಬ್ಯಾರೆ ಇರಲಿ. ಫೋನ್ ಬಂದ್ರ ಟ್ರಿಪ್ ಪರದೆ ಮುಚ್ಚಿ ತಿರುವು ತಪ್ಪತೈತಿ, ಫ್ಲೈಟ್ ಮೋಡ್‌ನಾಗ ಹಾಕಿದ್ರೂ ಜಿಪಿಎಸ್ ನಡೀತೈತಿ.