ಗರಿಗರಿಯಾದ ಏಷ್ಯನ್ ಶೈಲಿಯ ಚಿಕನ್ ಸಲಾಡ್: ಹತ್ತು ಜನರಿಗೆ ಬೆಳಿಗ್ಗೆಯೇ ಸಿದ್ಧಮಾಡಿಡಬಹುದೇ?

ಹನುಮಂತನಗರದ ಮನೆ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಅಣ್ಣ, ಅತ್ತಿಗೆ, ಅವರ ಮಕ್ಕಳು, ನಮ್ಮ ಯಜಮಾನರ ಕಡೆಯವರು ಎಲ್ಲ ಸೇರಿ ಹತ್ತು ಜನ ಊಟಕ್ಕೆ ಬರುತ್ತಿದ್ದಾರೆ. ಬಿರಿಯಾನಿಯನ್ನು ಅತ್ತಿಗೆಯೇ ಮಾಡಿ ತರುತ್ತಾರೆ. ನನ್ನ ಪಾಲಿಗೆ ಬಂದಿರುವುದು ಸಲಾಡ್. ಅಣ್ಣನ ಮಗಳು ಚರ್ಚ್ ಸ್ಟ್ರೀಟಿನಲ್ಲಿ ಒಂದು ಚಿಕನ್ ಸಲಾಡ್ ತಿಂದು ಬಂದಾಗಿನಿಂದ ಅದೇ ಬೇಕು ಎನ್ನುತ್ತಿದ್ದಾಳೆ. ಸಣ್ಣಗೆ ಹೆಚ್ಚಿದ ಎಲೆಕೋಸು, ಎಳೆ ಎಳೆಯಾದ ಕೋಳಿ, ಮೇಲೆ ಕರಿದ ತೆಳುಪಟ್ಟಿಗಳು, ಎಳ್ಳು, ಶುಂಠಿಯ ಘಾಟಿರುವ ಹುಳಿಸಿಹಿ ಡ್ರೆಸಿಂಗ್. ಬಾಯಿಗಿಟ್ಟರೆ ಕರುಂ ಕುರುಂ ಎನ್ನಬೇಕಂತೆ.

ಊಟ ಒಂದೂವರೆಗೆ. ಹನ್ನೊಂದಕ್ಕೆ ನಾನು ಅತ್ತೆಯವರನ್ನು ಕರೆತರಲು ಯಶವಂತಪುರ ನಿಲ್ದಾಣಕ್ಕೆ ಹೋಗಬೇಕು. ಆದ್ದರಿಂದ ಅಡುಗೆಯೆಲ್ಲ ಬೆಳಿಗ್ಗೆ ಹತ್ತರೊಳಗೆ ಮುಗಿಯಬೇಕು. ಮಧ್ಯಾಹ್ನದವರೆಗೆ ಗರಿಗರಿ ಉಳಿಯುವಂತೆ ಮಾಡುವುದು ಹೇಗೆ? ಮನೆಯಲ್ಲಿ ಗಾಣದ ಎಳ್ಳೆಣ್ಣೆ ಇದೆ, ಅದನ್ನೇ ಹಾಕಬಹುದೇ? ಕೋಳಿಯ ಎದೆಭಾಗ ನಾರುನಾರಾಗದಂತೆ ಬೇಯಿಸುವ ಬಗೆಯನ್ನೂ ತಿಳಿದವರು ಹೇಳಿ.

ರಾತ್ರಿಪಾಳಿ

ಎಲೆಕೋಸು, ಕೋಳಿ, ಎರಡು ಚಮಚ ಮಯೊನೀಸ್, ಮೇಲೆ ಪುಡಿಮಾಡಿದ ಇನ್‌ಸ್ಟಂಟ್ ನೂಡಲ್ಸ್. ಹತ್ತು ನಿಮಿಷದ ಕೆಲಸ. ನೂಡಲ್ಸನ್ನು ಮಾತ್ರ ಬಾಣಲೆಯಲ್ಲಿ ಸ್ವಲ್ಪ ಬೆಣ್ಣೆ ಹಾಕಿ ಕೆಂಪಗೆ ಹುರಿದುಕೊಳ್ಳಿ.

ಸಲಾಡ್ ಕಟ್ಟೆ

ನಾನು ಹೋಟೆಲೊಂದರ ಅಡುಗೆಮನೆಯಲ್ಲಿ ಸಲಾಡ್ ವಿಭಾಗ ನೋಡಿಕೊಳ್ಳುತ್ತೇನೆ. ದಿನವೂ ಇದೇ ಕೆಲಸವಾದ್ದರಿಂದ ಉದ್ದವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ.

ನೂಡಲ್ಸ್ ಹುರಿಯುವ ಸಲಹೆ ಚೆನ್ನಾಗಿದೆ. ಮಯೊನೀಸ್ ಮಾತ್ರ ಬೇಡ. ಅದು ಎಲೆಕೋಸಿಗೆ ದಪ್ಪಗೆ ಮೆತ್ತಿಕೊಂಡು ಶುಂಠಿ, ಎಳ್ಳು, ಹುಳಿ ಯಾವುದನ್ನೂ ನಾಲಿಗೆಗೆ ತಲುಪಿಸುವುದಿಲ್ಲ. ಈ ಸಲಾಡಿನ ರುಚಿ ಇರುವುದೇ ಆ ಮೂರರಲ್ಲಿ.

ಬೆಳಿಗ್ಗೆಯೇ ಎಲ್ಲವನ್ನೂ ಸಿದ್ಧಪಡಿಸಿ, ಆದರೆ ಬೆರೆಸಿಡಬೇಡಿ. ತರಕಾರಿಯ ಒಳಗೆ ನೀರು ತುಂಬಿರಬೇಕು, ಮೈಮೇಲೆ ಒಂದು ಹನಿಯೂ ಇರಬಾರದು. ಗರಿಗರಿ ಎನ್ನುವುದು ಅಷ್ಟೇ. ಕೋಸಂಬರಿಗೆ ನಮ್ಮ ಮನೆಗಳಲ್ಲಿ ಬಡಿಸುವ ಹೊತ್ತಿಗೆ ಉಪ್ಪು ಹಾಕುತ್ತಾರಲ್ಲ, ಇಲ್ಲಿಯೂ ಅದೇ ಕಾರಣ. ಸೋಯಾ ಸಾಸಿನ ಉಪ್ಪು, ಜೇನಿನ ಸಕ್ಕರೆ ಎರಡೂ ಎಲೆಕೋಸಿನ ಒಳಗಿನ ನೀರನ್ನು ಹೊರಗೆಳೆಯುತ್ತವೆ. ಅರ್ಧ ಗಂಟೆ ಬಿಟ್ಟರೆ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ, ಡ್ರೆಸಿಂಗ್ ಸಪ್ಪೆಯಾಗುತ್ತದೆ.

ಹತ್ತು ಜನರಿಗೆ ಗಟ್ಟಿಯಾದ ಎಲೆಕೋಸು ಸುಮಾರು 800 ಗ್ರಾಂ, ಕೆಂಪು ಎಲೆಕೋಸು ಅರ್ಧ, ಕ್ಯಾರೆಟ್ 4, ಸೌತೆಕಾಯಿ 2, ಒಂದು ಕಟ್ಟು ಈರುಳ್ಳಿ ಹೂವು, ಕೊತ್ತಂಬರಿ ಮತ್ತು ಪುದೀನ ಕೈತುಂಬ. ಎಲೆಕೋಸನ್ನು ಕೈಯಲ್ಲಿ ಎತ್ತಿ ನೋಡಿ ಆರಿಸಿ. ಗಾತ್ರಕ್ಕಿಂತ ಭಾರ ಹೆಚ್ಚಿದ್ದರೆ ಅದು ಒಳ್ಳೆಯದು. ಮೇಲಿನ ಎರಡು ಮೂರು ಎಲೆ ತೆಗೆದು, ನಾಲ್ಕು ಭಾಗ ಮಾಡಿ, ದಂಟು ಕತ್ತರಿಸಿ, ಹರಿತವಾದ ಚಾಕುವಿನಲ್ಲಿ ಎರಡು ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ. ತುರಿಮಣೆ, ಮಿಕ್ಸಿ ಎರಡೂ ಬೇಡ. ಅವು ಎಲೆಯನ್ನು ಜಜ್ಜುತ್ತವೆ, ಜಜ್ಜಿದ ಕಡೆಯಿಂದಲೇ ನೀರು ಸೋರುತ್ತದೆ. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ಬೀಜದ ತಿರುಳನ್ನು ಚಮಚದಲ್ಲಿ ಕೆರೆದು ತೆಗೆಯಲೇಬೇಕು, ನೀರೆಲ್ಲ ಅಲ್ಲೇ ಇರುವುದು.

ಹೆಚ್ಚಿದ ಎಲೆಕೋಸು, ಕ್ಯಾರೆಟ್, ಈರುಳ್ಳಿ ಹೂವುಗಳನ್ನು ಐಸ್ ಹಾಕಿದ ನೀರಿನಲ್ಲಿ 20 ನಿಮಿಷ ಮುಳುಗಿಸಿಡಿ. ಉಪ್ಪಿಲ್ಲದ ತಣ್ಣೀರನ್ನು ತರಕಾರಿಯ ಕೋಶಗಳು ಕುಡಿದು ಬಿಗಿಯಾಗುತ್ತವೆ. ಈರುಳ್ಳಿ ಹೂವು ಸುರುಳಿ ಸುರುಳಿಯಾಗಿ ಬಾಗುವುದನ್ನು ಕಣ್ಣಾರೆ ನೋಡಬಹುದು. ಕೆಂಪು ಎಲೆಕೋಸನ್ನು ಬೇರೆ ಪಾತ್ರೆಯಲ್ಲಿಡಿ, ಇಲ್ಲದಿದ್ದರೆ ಎಲ್ಲವೂ ನೇರಳೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಒಣಗಿಸುವುದು. ಹೋಟೆಲಿನಲ್ಲಿ ಅದಕ್ಕೆ ತಿರುಗುವ ಯಂತ್ರವಿದೆ. ಮನೆಯಲ್ಲಿ ಒಗೆದು ಮೆದುವಾದ ಹಳೆಯ ಹತ್ತಿ ಪಂಚೆ ಸಾಕು. ಜರಡಿಯಲ್ಲಿ ಬಸಿದ ತರಕಾರಿಯನ್ನು ಪಂಚೆಯ ನಡುವೆ ಸುರಿದು, ನಾಲ್ಕು ತುದಿ ಸೇರಿಸಿ ಹಿಡಿದು, ತಾರಸಿಗೆ ಹೋಗಿ ಕೈಯನ್ನು ಬೀಸಿ ಹತ್ತು ಹನ್ನೆರಡು ಸುತ್ತು ತಿರುಗಿಸಿ. ಬಟ್ಟೆಯಿಂದ ನೀರು ಚಿಮ್ಮುವುದು ಕಾಣಿಸುತ್ತದೆ. ಚಿಮ್ಮುವುದು ನಿಂತ ಮೇಲೆ ಇನ್ನೊಂದು ಒಣ ಬಟ್ಟೆಯ ಮೇಲೆ ಹರಡಿ, ಬಟ್ಟೆಯ ಸಮೇತ ಸಡಿಲವಾಗಿ ಸುತ್ತಿ ಡಬ್ಬಿಯಲ್ಲಿಟ್ಟು ಫ್ರಿಜ್ಜಿಗೆ ಸೇರಿಸಿ. ಸಂಜೆಯವರೆಗೂ ಅದು ಕೆಡುವುದಿಲ್ಲ.

ಇನ್ನು ಕೋಳಿ. ಅಂಗಡಿಯಲ್ಲಿ ಬೋನ್‌ಲೆಸ್ ಎದೆಭಾಗ ಒಂದು ಕಿಲೋ ಕೇಳುವಾಗಲೇ "ತುಂಡು ಮಾಡಬೇಡಿ, ಇಡಿಯಾಗಿಯೇ ಕೊಡಿ" ಎಂದು ಎರಡು ಸಲ ಹೇಳಿ. ಹೇಳದಿದ್ದರೆ ಅಭ್ಯಾಸಬಲದಿಂದ ಕಬಾಬಿಗೆ ಹೆಚ್ಚಿದಂತೆ ಹೆಚ್ಚಿಕೊಟ್ಟುಬಿಡುತ್ತಾರೆ. ದಪ್ಪ ತಳದ ಪಾತ್ರೆಯಲ್ಲಿ ಕೋಳಿ ಮುಳುಗುವಷ್ಟು ತಣ್ಣೀರು, ಉಪ್ಪು, ಜಜ್ಜಿದ ಶುಂಠಿ, ಈರುಳ್ಳಿ ಹೂವಿನ ಬುಡ ಹಾಕಿ ಮಧ್ಯಮ ಉರಿಯಲ್ಲಿಡಿ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳತೊಡಗಿದಾಗ ಉರಿ ತಗ್ಗಿಸಿ. ಕೊತಕೊತ ಕುದಿಯಲು ಬಿಡಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಎದೆಭಾಗಕ್ಕೆ ಆ ಬಿಸಿಯೂ ಅತಿಯಾಯಿತು. ಒಳಭಾಗ 74 ಡಿಗ್ರಿ ಮುಟ್ಟಿದರೆ ಸಾಕು. ಅದನ್ನು ದಾಟಿದಷ್ಟೂ ಮಾಂಸದ ಎಳೆಗಳು ಬಿಗಿದು ತಮ್ಮ ರಸವನ್ನು ಹಿಂಡಿಹಾಕುತ್ತವೆ. ನೀವು ಹೇಳುವ ನಾರು ಅದೇ. ದಪ್ಪವನ್ನು ನೋಡಿಕೊಂಡು 12ರಿಂದ 15 ನಿಮಿಷ ಬೇಕಾಗುತ್ತದೆ. ಅಡುಗೆ ಥರ್ಮಾಮೀಟರ್ ಇದ್ದರೆ ಅತ್ಯಂತ ದಪ್ಪ ಜಾಗದಲ್ಲಿ ಚುಚ್ಚಿ ನೋಡಿ, ಇಲ್ಲದಿದ್ದರೆ ಆ ಜಾಗವನ್ನು ಕೊಯ್ದು ನೋಡಿ. ಗುಲಾಬಿ ಬಣ್ಣ ಕಂಡರೆ ಇನ್ನೂ ಬೇಯಬೇಕು.

ಬೆಂದ ಕೋಳಿಯನ್ನು ಸ್ವಲ್ಪ ಆರಿಸಿ ಲಟ್ಟಣಿಗೆಯಿಂದ ಮೆಲ್ಲಗೆ ಬಡಿಯಿರಿ. ಚೀನಾದ ಸಿಚುವಾನ್ ಪ್ರಾಂತ್ಯದ ಒಂದು ತಣ್ಣನೆಯ ಕೋಳಿ ತಿನಿಸಿಗೆ ಹೀಗೆಯೇ ಮರದ ಕೋಲಿನಿಂದ ಬಡಿದು ಎಳೆ ಬಿಡಿಸುತ್ತಾರೆ. ಆಮೇಲೆ ಬೆರಳಿನಿಂದ ಎಳೆದರೆ ಉದ್ದುದ್ದ ಎಳೆಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಬೆಚ್ಚಗಿರುವಾಗಲೇ ಎರಡು ಚಮಚ ಡ್ರೆಸಿಂಗ್ ಕಲಸಿ. ಕೋಳಿಗೆ ಮಾತ್ರ ಮುಂಚಿತವಾಗಿ ಡ್ರೆಸಿಂಗ್ ಹಾಕಬಹುದು, ಹಾಕಲೇಬೇಕು. ನಂತರ ಫ್ರಿಜ್ಜಿಗೆ. ಬೇಯಿಸಿದ ನೀರನ್ನು ಚೆಲ್ಲಬೇಡಿ, ಸೂಪಿಗೆ ಒದಗುತ್ತದೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಈ ಎಲೆಕೋಸನ್ನು ನೀವು ಬೇಯಿಸುವುದಿಲ್ಲ. ಆದ್ದರಿಂದ ತರಕಾರಿಯ ಕೆಲಸವೆಲ್ಲ ಮುಗಿದು ಡಬ್ಬಿ ಮುಚ್ಚಿದ ಮೇಲೆಯೇ ಹಸಿ ಕೋಳಿಯನ್ನು ಹೊರತೆಗೆಯಿರಿ. ಮಣೆ, ಚಾಕು ಬೇರೆ ಇರಲಿ. ನಲ್ಲಿಯ ಕೆಳಗೆ ರಭಸವಾಗಿ ಕೋಳಿ ತೊಳೆದರೆ ಹನಿಗಳು ಸಿಂಕಿನ ಸುತ್ತ ಸಿಡಿಯುತ್ತವೆ, ಪಕ್ಕದಲ್ಲಿಟ್ಟ ಕೊತ್ತಂಬರಿಯ ಮೇಲೂ ಬೀಳುತ್ತವೆ. ಊಟಕ್ಕೆ ಮಕ್ಕಳಿದ್ದಾರೆ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಗಾಣದ ಎಳ್ಳೆಣ್ಣೆ ಬೇರೆ, ಇದಕ್ಕೆ ಬೇಕಾದ ಎಣ್ಣೆ ಬೇರೆ. ನಮ್ಮ ಗಾಣದವರು ಹಸಿ ಎಳ್ಳನ್ನು ಅರೆದು ಎಣ್ಣೆ ತೆಗೆಯುತ್ತಾರೆ. ಚೀನಾ, ಜಪಾನ್, ಕೊರಿಯಾಗಳಲ್ಲಿ ಎಳ್ಳನ್ನು ಕಂದು ಬಣ್ಣ ಬರುವವರೆಗೆ ಹುರಿದು ನಂತರ ಹಿಂಡುತ್ತಾರೆ. ಆ ಹುರಿದ ಘಮವೇ ಈ ಸಲಾಡಿನ ಗುರುತು. ದೊಡ್ಡ ಅಂಗಡಿಗಳಲ್ಲಿ ಚಿಕ್ಕ ಸೀಸೆ ಸಿಗುತ್ತದೆ. ಸಿಗದಿದ್ದರೆ ಮೂರು ಚಮಚ ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಹುರಿದು, ಬಿಸಿಯಿರುವಾಗಲೇ ನಾಲ್ಕು ಚಮಚ ಕಡಲೆಕಾಯಿ ಎಣ್ಣೆಯೊಂದಿಗೆ ನುಣ್ಣಗೆ ಅರೆದುಕೊಳ್ಳಿ. ನನಗೆ ಸೀಸೆಯ ಎಣ್ಣೆಗಿಂತ ಇದೇ ಇಷ್ಟ.

ಡ್ರೆಸಿಂಗ್: ಅಕ್ಕಿ ವಿನೆಗರ್ 120 ಮಿಲಿ, ಸೋಯಾ ಸಾಸ್ 80 ಮಿಲಿ, ವಾಸನೆಯಿಲ್ಲದ ಎಣ್ಣೆ 100 ಮಿಲಿ, ಹುರಿದ ಎಳ್ಳಿನ ಎಣ್ಣೆ 2 ಚಮಚ, ತುರಿದ ಶುಂಠಿ 2 ಚಮಚ, ಬೆಳ್ಳುಳ್ಳಿ 2 ಎಸಳು, ಜೇನು 3 ಚಮಚ. ಜೇನಿಗೆ ಬದಲು ಮಲೆನಾಡಿನ ಜೋನಿ ಬೆಲ್ಲ ಹಾಕಿ ನೋಡಿ, ಸೋಯಾ ಜೊತೆಗೆ ಅದು ಬಹಳ ಹೊಂದುತ್ತದೆ. ಎಲ್ಲವನ್ನೂ ಮುಚ್ಚಳವಿರುವ ಸೀಸೆಗೆ ಹಾಕಿ ಕುಲುಕಿಡಿ.

ಫ್ರೇಜರ್ ಟೌನಿನವ

ಕರಿದ ಪಟ್ಟಿಗೆ ನಮ್ಮ ಕಡೆಯ ಉಪಾಯ ಕೇಳಿ. ಸಮೋಸಾ ಪಟ್ಟಿ ತನ್ನಿ. ಶಿವಾಜಿನಗರ, ಫ್ರೇಜರ್ ಟೌನ್ ಅಂಗಡಿಗಳ ಫ್ರಿಜ್ಜುಗಳಲ್ಲಿ ಸಿಗುತ್ತದೆ, ರಂಜಾನ್ ತಿಂಗಳಲ್ಲಂತೂ ರಾಶಿ ರಾಶಿ. ಆ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕತ್ತರಿಯಲ್ಲಿ ಅರ್ಧ ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ, ಬಿಡಿಬಿಡಿಯಾಗಿ ಉದುರಿಸಿ, ಸ್ವಲ್ಪ ಸ್ವಲ್ಪವೇ ಎಣ್ಣೆಗೆ ಬಿಡಿ. ಒಂದು ನಿಮಿಷವೂ ಬೇಡ. ಬೇಕಾದ ಬಣ್ಣ ಬರುವ ಮುಂಚೆಯೇ ಜಾಲರಿಯಲ್ಲಿ ಎತ್ತಿಬಿಡಿ, ಹೊರಗೆ ಬಂದ ಮೇಲೂ ಅದು ಕೆಂಪಾಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ಡಬ್ಬಿ ಮುಚ್ಚಿ. ಬೆಚ್ಚಗಿರುವಾಗ ಮುಚ್ಚಿದರೆ ಒಳಗೆ ಹಬೆ ಕಟ್ಟಿ ಮೆತ್ತಗಾಗುತ್ತದೆ. ಇದನ್ನು ಶನಿವಾರ ರಾತ್ರಿಯೇ ಮಾಡಿಡಬಹುದು. ಕೆಂಪು ಎಲೆಕೋಸು ಹತ್ತಿರದಲ್ಲಿ ಸಿಗದಿದ್ದರೆ ರಸೆಲ್ ಮಾರುಕಟ್ಟೆಯಲ್ಲಿ ವಿಚಾರಿಸಿ.

ಹನೋಯ್‌ನಲ್ಲಿದ್ದವ

ಕೆಲಸದ ಮೇಲೆ ವಿಯೆಟ್ನಾಮಿನಲ್ಲಿದ್ದೆ, ಅಲ್ಲಿನ ಗೊಯ್ ಗಾ ಬಗ್ಗೆ ಹೇಳದೆ ಇರಲಾರೆ. ಅದೂ ಎಲೆಕೋಸು ಮತ್ತು ಎಳೆ ಬಿಡಿಸಿದ ಕೋಳಿಯ ಸಲಾಡೇ. ಆದರೆ ಡ್ರೆಸಿಂಗಿನಲ್ಲಿ ಎಣ್ಣೆ ಇಲ್ಲವೆನ್ನುವಷ್ಟು ಕಡಿಮೆ. ನಿಂಬೆರಸ, ಸಕ್ಕರೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಮೀನಿನ ಸಾಸ್, ಅಷ್ಟೇ. ಮೇಲೆ ಹುರಿದು ಒಡೆದ ಕಡಲೆಕಾಯಿ ಬೀಜ, ಕರಿದ ಚಿಕ್ಕ ಈರುಳ್ಳಿ, ಪಕ್ಕದಲ್ಲಿ ಸೀಗಡಿ ಹಪ್ಪಳ. ನೀವು ಕೇಳಿರುವ ಕರಿದ ಪಟ್ಟಿ, ಎಳ್ಳೆಣ್ಣೆ, ಜೇನಿನ ಸಲಾಡ್ ಬೆಳೆದದ್ದು ಅಮೆರಿಕದ ರೆಸ್ಟೋರೆಂಟುಗಳಲ್ಲಿ. ಅಲ್ಲಿ ಅದಕ್ಕೆ ಡಬ್ಬಿಯ ಕಿತ್ತಳೆ ತೊಳೆಗಳನ್ನೂ ಹಾಕುತ್ತಾರೆ. ಬಿರಿಯಾನಿಯ ಪಕ್ಕದಲ್ಲಿ ಬಡಿಸುವುದಾದರೆ ನನ್ನ ಮತ ವಿಯೆಟ್ನಾಮಿನ ಬಗೆಗೆ. ತುಪ್ಪದ ಅನ್ನದ ಜೊತೆ ನಿಂಬೆಯ ಹುಳಿ ಹಗುರವಾಗಿರುತ್ತದೆ.

ಹನುಮಂತನಗರದ ಮನೆ

ಎಲ್ಲರಿಗೂ ಕೃತಜ್ಞತೆಗಳು. ಪಂಚೆಯ ಉಪಾಯವನ್ನು ಕೇಳಿ ನಮ್ಮ ಯಜಮಾನರು ಈಗಲೇ ತಮ್ಮದೊಂದನ್ನು ತೆಗೆದಿಟ್ಟಿದ್ದಾರೆ. ಸಲಾಡ್ ಕಟ್ಟೆ ಅಕ್ಕಾ, ಮೂರು ಸಂದೇಹಗಳಿವೆ. ಅಕ್ಕಿ ವಿನೆಗರ್ ಇಲ್ಲದಿದ್ದರೆ ಏನು ಹಾಕಲಿ? ಅತ್ತೆಯವರು ಮಾಂಸ ತಿನ್ನುವುದಿಲ್ಲ, ಅವರಿಗೂ ಇದೇ ಸಲಾಡ್ ಕೊಡುವುದು ಹೇಗೆ? ಬಿರಿಯಾನಿಯ ಜೊತೆ ನಿಂಬೆಯೇ ಮೇಲು ಎಂದು ನಿಮಗೂ ಅನಿಸುತ್ತದೆಯೇ?

ಸಲಾಡ್ ಕಟ್ಟೆ

ಬಿರಿಯಾನಿಯ ವಿಷಯದಲ್ಲಿ ಹನೋಯ್‌ನವರ ಮಾತು ಸರಿ. ಆದರೆ ಹುಡುಗಿ ಆಸೆಪಟ್ಟಿರುವುದು ಎಳ್ಳಿನ ರುಚಿಗೆ, ಅದನ್ನು ತಪ್ಪಿಸಬೇಡಿ. ವಿನೆಗರ್ ಬಿಟ್ಟು 90 ಮಿಲಿ ನಿಂಬೆರಸ, ಎರಡು ಚಮಚ ನೀರು ಹಾಕಿ, ಎಣ್ಣೆಯನ್ನು 60 ಮಿಲಿಗೆ ಇಳಿಸಿ. ಹುಳಿ ಮುಂದಾಗುತ್ತದೆ, ಘಮವೂ ಉಳಿಯುತ್ತದೆ. ನಿಮ್ಮ ಮೊದಲ ಸಂದೇಹಕ್ಕೂ ಇದೇ ಉತ್ತರ. ನಿಂಬೆರಸವನ್ನು ಮಾತ್ರ ಬಡಿಸುವ ದಿನವೇ ಹಿಂಡಿ, ಹಿಂದಿನ ರಾತ್ರಿ ಹಿಂಡಿಟ್ಟರೆ ಕಹಿಯಾಗುತ್ತದೆ. ಡಬ್ಬಿಯ ಕಿತ್ತಳೆ ಬೇಡ. ಕೊಡಗಿನ ಕಿತ್ತಳೆಯ ಕಾಲವಾದರೆ ತೊಳೆಗಳ ಪೊರೆ ಸುಲಿದು ಎರಡು ಹಣ್ಣು ಹಾಕಿ.

ಅತ್ತೆಯವರ ಪಾಲನ್ನು ಮೊದಲೇ ಬೇರೆ ತೆಗೆದಿಡಿ. ಕೋಳಿಗೆ ಡ್ರೆಸಿಂಗ್ ಹಾಕುವಾಗ ಸೀಸೆಯಿಂದ ಸುರಿದುಕೊಳ್ಳಿ, ಕೋಳಿ ಮುಟ್ಟಿದ ಚಮಚವನ್ನು ಸೀಸೆಗೆ ಅದ್ದಬೇಡಿ. ಅವರ ತಟ್ಟೆಗೆ ಗಟ್ಟಿ ಪನೀರನ್ನು ಬೆರಳುದ್ದ ಹೆಚ್ಚಿ ಕಾವಲಿಯ ಮೇಲೆ ಎರಡೂ ಬದಿ ಕೆಂಪು ಮಾಡಿ ಹಾಕಿ, ಕಡಲೆಕಾಯಿ ಬೀಜವನ್ನು ಧಾರಾಳವಾಗಿ ಉದುರಿಸಿ. ಸಮೋಸಾ ಪಟ್ಟಿಯನ್ನು ಕೋಳಿ ಕರಿದ ಎಣ್ಣೆಯಲ್ಲಿ ಕರಿಯದೆ ಹೊಸ ಎಣ್ಣೆಯಲ್ಲೇ ಕರಿದರೆ ಅವರೂ ನಿಶ್ಚಿಂತೆಯಿಂದ ತಿನ್ನಬಹುದು.

ಬಡಿಸುವ ಕ್ರಮ ಹೀಗಿರಲಿ. ಅಗಲವಾದ ಬೇಸಿನ್ನಿನಲ್ಲಿ ತರಕಾರಿ, ಸೊಪ್ಪು, ಕೋಳಿ ಹಾಕಿ. ಡ್ರೆಸಿಂಗಿನಲ್ಲಿ ಮುಕ್ಕಾಲು ಭಾಗ ಸುರಿದು ಕೈಯಿಂದಲೇ ತಳದಿಂದ ಮೇಲಕ್ಕೆ ಎತ್ತಿ ಬೆರೆಸಿ. ಉಳಿದದ್ದನ್ನು ರುಚಿ ನೋಡಿ ಹಾಕಿ. ಕಡಲೆಕಾಯಿ ಬೀಜ, ಎಳ್ಳು, ಕರಿದ ಪಟ್ಟಿ ಕಡೆಗೆ. ಹತ್ತು ಜನರದ್ದನ್ನೂ ಒಮ್ಮೆಗೇ ಬೆರೆಸಬೇಡಿ, ಅರ್ಧ ಬೆರೆಸಿ ಬಡಿಸಿ, ಎರಡನೆಯ ಸುತ್ತಿಗೆ ಉಳಿದರ್ಧ. ಕೋಳಿ ಬೆರೆಸಿದ ಸಲಾಡ್ ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬೆರೆಸದೆ ಉಳಿದ ತರಕಾರಿ ಸೋಮವಾರಕ್ಕೂ ಚೆನ್ನಾಗಿರುತ್ತದೆ, ಒಂದು ಹಿಡಿ ನೂಡಲ್ಸ್ ಬೇಯಿಸಿ ಬೆರೆಸಿದರೆ ಕಚೇರಿಯ ಡಬ್ಬಿಗಾಗುತ್ತದೆ.